ಮನೆಯಲ್ಲೇ ಮಾಡಿದ ಹೈಡ್ರಾಲಿಕ್ ಸಾಧನದಿಂದ ಕಾರಿನ ಚಾಸಿಯ ಬೆಂಡ್ ತೆಗೆಯಬಹುದೇ?

ತೆಗೆಯಬಹುದು. ಆದರೆ ಕಷ್ಟ ಇರುವುದು ಜಾಕ್‌ನಲ್ಲಲ್ಲ, ಅದನ್ನು ಹಿಡಿದಿಡುವ ಚೌಕಟ್ಟಿನಲ್ಲಿ.

ಬಲ ಹುಟ್ಟಿಸುವುದು ಸುಲಭ. ಪಂಪಿನ ಪಿಸ್ಟನ್ ವ್ಯಾಸ 10 ಮಿ.ಮೀ., ರ‍್ಯಾಮ್‌ನದು (ಎಣ್ಣೆಯ ಒತ್ತಡಕ್ಕೆ ಹೊರಬರುವ ದಪ್ಪ ದಂಡ) 40 ಮಿ.ಮೀ. ಇದ್ದರೆ ವಿಸ್ತೀರ್ಣ 16 ಪಟ್ಟು, ಬಲವೂ ಅಷ್ಟೇ ಪಟ್ಟು. ಆದರೆ ಜಾಕ್ 5 ಟನ್ ಮುಂದಕ್ಕೆ ತಳ್ಳಿದರೆ ಹಿಂದಕ್ಕೂ 5 ಟನ್ ಒದೆಯುತ್ತದೆ. ಅದನ್ನು ತಾಳುವ ತೊಲೆ, ಕ್ಲ್ಯಾಂಪ್, ವೆಲ್ಡಿಂಗ್ ಸೊರಗಿದ್ದರೆ ಚಾಸಿ ಹಾಗೇ ಇರುತ್ತದೆ, ಬಾಗುವುದು ನಿಮ್ಮ ಸಾಧನ.

ಬಾಟಲ್ ಜಾಕನ್ನು ತಲೆಕೆಳಗೆ ಮಾಡಿದರೆ ಪಂಪ್ ಎಣ್ಣೆಯ ಬದಲು ಗಾಳಿ ಎಳೆಯುತ್ತದೆ. ಪಂಪ್ ಒಂದು ಕಡೆ, ಹೋಸ್‌ನ ತುದಿಯಲ್ಲಿ ರ‍್ಯಾಮ್ ಇನ್ನೊಂದು ಕಡೆ ಇರುವ ಸೆಟ್ಟೇ ವಾಸಿ.

ಉಕ್ಕು ಒತ್ತಡ ಬಿಟ್ಟೊಡನೆ ತುಸು ಹಿಂದಕ್ಕೆ ಚಿಮ್ಮುತ್ತದೆ. ಹಾಗಾಗಿ ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಎಳೆದು, ಬಿಟ್ಟು, ಮೂಲೆಯಿಂದ ಮೂಲೆಗೆ ಟೇಪ್ ಹಿಡಿದು ನೋಡಿ. ಎರಡೂ ಕರ್ಣಗಳು ಸಮ ಬರಬೇಕು. ಎಳೆಯಲು ಚೈನ್ ಕಟ್ಟಿದ್ದರೆ ಅದರ ನೇರಕ್ಕೆ ಮಾತ್ರ ನಿಲ್ಲಲೇಬೇಡಿ. ತುಂಡಾದರೆ ಗುಂಡಿನಂತೆ ಹಾರುತ್ತದೆ.

ಪ್ರತ್ಯೇಕ ಚಾಸಿ ಇಲ್ಲದ, ಬಾಡಿಯೇ ಭಾರ ಹೊರುವ ಈಗಿನ ಕಾರುಗಳಿಗೆ ಇದು ಬೇಡ. ಅಳತೆ ಬೆಂಚ್ (ಕಾರನ್ನು ಬಿಗಿದು, ಅಳೆದು ನೇರ ಮಾಡುವ ಚೌಕಟ್ಟು) ಇರುವ ಗ್ಯಾರೇಜಿಗೇ ಒಯ್ಯಿರಿ.