ಗಣಿತದಲ್ಲಿ ಹಿಂದಿರುವವರು ಬಿಸಿನೆಸ್ ಸ್ಟ್ಯಾಟಿಸ್ಟಿಕ್ಸ್ ಕೋರ್ಸನ್ನು ಮುಂದೂಡುವುದು ಒಳ್ಳೆಯದೇ?

ಗಣಿತ ಅಷ್ಟಕ್ಕಷ್ಟೇ ಎಂಬ ಕಾರಣಕ್ಕೆ ಈ ಕೋರ್ಸನ್ನು ಮುಂದಿನ ಸೆಮಿಸ್ಟರಿಗೆ ತಳ್ಳಬೇಕೇ, ಇಲ್ಲವೇ ಸೂತ್ರಗಳನ್ನು ಬಾಯಿಪಾಠ ಮಾಡಿ ಈಗಲೇ ಮುಗಿಸಿಬಿಡಬೇಕೇ ಎಂದು ಕೇಳಿದ್ದೀರಿ. ನನಗೆ ಗಣಿತ ಚೆನ್ನಾಗಿಯೇ ಬರುತ್ತಿತ್ತು, ಸೂತ್ರಗಳೆಲ್ಲ ನಾಲಿಗೆಯ ತುದಿಯಲ್ಲಿದ್ದವು, ಆದರೂ ನಾನು ಇದೇ ಕೋರ್ಸಿನಲ್ಲಿ ಫೇಲಾದೆ.

ಕೋರ್ಸಿನ ಮೊದಲ ಅರ್ಧ ನನಗೆ ಆಟದಂತಿತ್ತು. ಸರಾಸರಿ, ಮಧ್ಯಾಂಕ, ಬಹುಲಕ, ಮಾನಕ ವಿಚಲನೆ (ಸ್ಟ್ಯಾಂಡರ್ಡ್ ಡೀವಿಯೇಶನ್, ಅಂದರೆ ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬುದರ ಅಳತೆ) ಎಲ್ಲವೂ ಕೂಡಿ ಕಳೆದು ಭಾಗಿಸುವ ಕೆಲಸವಾದ್ದರಿಂದ ಮೊದಲ ಕಿರುಪರೀಕ್ಷೆಯಲ್ಲಿ 25ಕ್ಕೆ 23 ಅಂಕಗಳು ಬಂದವು. ಆ ಅಂಕಗಳೇ ನನ್ನನ್ನು ಕೆಡಿಸಿದವು. ಅನಂತರ ‘ಸ್ಯಾಂಪ್ಲಿಂಗ್ ಡಿಸ್ಟ್ರಿಬ್ಯೂಷನ್’ ಎಂಬ ಪಾಠ ಆರಂಭವಾದಾಗ, ಇದರಲ್ಲಿ ಬಿಡಿಸಲು ಲೆಕ್ಕಗಳಿಲ್ಲ, ಬರೀ ಮಾತು ಎಂದುಕೊಂಡು ಮೂರು ತರಗತಿಗಳಿಗೆ ಹೋಗಲಿಲ್ಲ. ಮತ್ತೆ ಲೆಕ್ಕಗಳು ಬಂದಾಗ ಹೋಗಿ ಕುಳಿತೆ. ಸೂತ್ರದ ಛೇದದಲ್ಲಿ ಮಾನಕ ವಿಚಲನೆಯ ಕೆಳಗೆ ‘ಎನ್’ನ, ಅಂದರೆ ಅಳೆದ ಮಾದರಿಗಳ ಸಂಖ್ಯೆಯ, ವರ್ಗಮೂಲವೊಂದು ಹೊಸದಾಗಿ ಬಂದು ಕುಳಿತಿತ್ತು. ಅದು ಎಲ್ಲಿಂದ ಬಂದಿತೆಂದು ನಾನು ಯಾರನ್ನೂ ಕೇಳಲಿಲ್ಲ.

ಅಂತಿಮ ಪರೀಕ್ಷೆಯ ಪ್ರಶ್ನೆ ಇಂದಿಗೂ ನೆನಪಿದೆ. ಸೋಪಿನ ಪುಡಿ ತುಂಬುವ ಯಂತ್ರವೊಂದು ಪ್ರತಿ ಪೊಟ್ಟಣಕ್ಕೆ 500 ಗ್ರಾಂ ತುಂಬಬೇಕು, 36 ಪೊಟ್ಟಣಗಳನ್ನು ತೂಗಿದಾಗ ಸರಾಸರಿ 497 ಗ್ರಾಂ, ಮಾನಕ ವಿಚಲನೆ 6 ಗ್ರಾಂ ಬಂದಿದೆ, ಯಂತ್ರವು ಸರಿಯಾಗಿದೆಯೇ? ನಾನು ವ್ಯತ್ಯಾಸದ 3 ಗ್ರಾಮನ್ನು 6ರಿಂದ ಭಾಗಿಸಿ 0.5 ಎಂದು ಬರೆದೆ. ಟಿ-ಪರೀಕ್ಷೆಯ ಕೋಷ್ಟಕದ ಮಿತಿ 2.03; ಉತ್ತರ ಅದನ್ನು ಮೀರಿದರೆ ಯಂತ್ರ ಕೆಟ್ಟಿದೆ ಎನ್ನಬೇಕು. ಅದಕ್ಕಿಂತ ನನ್ನ ಉತ್ತರ ಬಹಳ ಕಡಿಮೆ ಇದ್ದುದರಿಂದ ಯಂತ್ರ ಸರಿಯಾಗಿದೆ ಎಂದು ತೀರ್ಪು ಕೊಟ್ಟು, ಕೆಳಗೆ ಎರಡು ಗೆರೆಯನ್ನೂ ಎಳೆದೆ. ಭಾಗಿಸಬೇಕಾಗಿದ್ದುದು 6ರಿಂದಲ್ಲ, 6ನ್ನು 36ರ ವರ್ಗಮೂಲವಾದ 6ರಿಂದ ಭಾಗಿಸಿದಾಗ ಬರುವ 1ರಿಂದ. ಸರಿಯಾದ ಉತ್ತರ 3, ಯಂತ್ರ ಕೆಟ್ಟಿದೆ. ಮುಂದಿನ ಪ್ರಶ್ನೆಯೂ ಅದೇ ಅಂಕಿಗಳ ಮೇಲೆಯೇ ನಿಂತಿತ್ತು: ನಿಜವಾದ ಸರಾಸರಿ ಯಾವ ಮಿತಿಗಳ ನಡುವೆ ಇರಬಹುದೆಂದು ಕೇಳಿದರೆ 495ರಿಂದ 499 ಎನ್ನಬೇಕಾದಲ್ಲಿ ನಾನು 485ರಿಂದ 509 ಎಂದು ಬರೆದಿದ್ದೆ. ಹೀಗೆ ಒಂದೇ ತಪ್ಪು ನಾಲ್ಕು ಪ್ರಶ್ನೆಗಳನ್ನು ನುಂಗಿತು.

ವರ್ಗಮೂಲ ಹಾಕಲು ಮರೆತೆ, ಅಷ್ಟೇ ತಾನೇ ಎಂದು ನಿಮಗನ್ನಿಸಬಹುದು. ನಾನೂ ಹಲವು ದಿನ ಹಾಗೆಯೇ ಹೇಳಿಕೊಂಡು ತಿರುಗಿದೆ. ಆದರೆ ಅದು ಮರೆವಲ್ಲ. ಪ್ರಶ್ನೆ ಏನನ್ನು ಕುರಿತದ್ದು ಎಂಬುದೇ ನನಗೆ ತಿಳಿದಿರಲಿಲ್ಲ. ಒಂದು ಪೊಟ್ಟಣದ ತೂಕ ಹೆಚ್ಚು ಕಡಿಮೆಯಾಗುವುದು ಒಂದು ಸಂಗತಿ, 36 ಪೊಟ್ಟಣಗಳ ಸರಾಸರಿ ಹೆಚ್ಚು ಕಡಿಮೆಯಾಗುವುದು ಬೇರೆಯೇ ಸಂಗತಿ. ತೂಕಗಳು ಗಂಟೆಯಾಕಾರದಲ್ಲಿ ಹರಡಿವೆ ಎಂದಿಟ್ಟುಕೊಂಡರೆ, ಯಂತ್ರ ಸರಿಯಾಗಿದ್ದಾಗಲೂ ಯಾವುದೋ ಒಂದು ಪೊಟ್ಟಣ 497ಕ್ಕಿಂತ ಕಡಿಮೆ ತೂಗುವ ಸಂಭವ ನೂರಕ್ಕೆ 31ರಷ್ಟಿದೆ. ಅದನ್ನು ಕಂಡು ಯಾರೂ ಯಂತ್ರ ನಿಲ್ಲಿಸುವುದಿಲ್ಲ. ಆದರೆ 36 ಪೊಟ್ಟಣಗಳ ಸರಾಸರಿಯೇ 497ಕ್ಕಿಂತ ಕೆಳಗಿಳಿಯಬೇಕಾದರೆ ಹಗುರವಾದವುಗಳ ಕೊರತೆಯನ್ನು ಭಾರವಾದವುಗಳು ತುಂಬಿಕೊಡದೆ ಹೋಗಬೇಕು. ಅದರ ಸಂಭವ ಸಾವಿರಕ್ಕೆ ಒಂದಕ್ಕಿಂತ ತುಸು ಹೆಚ್ಚು, ಅಷ್ಟೇ. ಮೊದಲನೆಯ ಏರಿಳಿತವನ್ನು ಅಳೆಯುವುದು ಮಾನಕ ವಿಚಲನೆ, ಎರಡನೆಯದನ್ನು ಅಳೆಯುವುದು ಮಾನಕ ದೋಷ, ಅಂದರೆ ಸ್ಟ್ಯಾಂಡರ್ಡ್ ಎರರ್. ನಾನು ತಪ್ಪಿಸಿಕೊಂಡ ಮೂರು ತರಗತಿಗಳಲ್ಲಿ ಹೇಳಿಕೊಟ್ಟದ್ದು ಇದನ್ನೇ.

ಮತ್ತೆ ಕೋರ್ಸಿಗೆ ಸೇರಿದಾಗ ಅಧ್ಯಾಪಕರು ನನಗೆ ಸೂತ್ರಗಳ ಹಾಳೆಯನ್ನು ಮುಚ್ಚಿಡಲು ಹೇಳಿ ಒಂದು ದಾಳವನ್ನು ಕೊಟ್ಟರು. ಅವಮಾನವಾಯಿತೆಂದು ಒಪ್ಪಿಕೊಳ್ಳುತ್ತೇನೆ. ಕೋಣೆಗೆ ಬಂದು ಅದನ್ನು ನೂರು ಸಲ ಎಸೆದು ಬಿದ್ದ ಅಂಕಗಳಿಗೆ ಗೀಟು ಹಾಕುತ್ತ ಹೋದೆ. ಒಂದರಿಂದ ಆರರವರೆಗಿನ ಸಾಲುಗಳೆಲ್ಲ ಸರಿಸುಮಾರು ಸಮನಾಗಿಯೇ ಬೆಳೆದವು. ಅನಂತರ ನಾಲ್ಕು ನಾಲ್ಕು ಎಸೆತಗಳ ಸರಾಸರಿಯನ್ನು ಗುರುತು ಮಾಡತೊಡಗಿದೆ. ಗೀಟುಗಳು 3.5ರ ಸುತ್ತ ಗುಂಪುಗೂಡತೊಡಗಿದವು. 1ರ ಎದುರಿನ ಜಾಗ ಕೊನೆಯವರೆಗೂ ಖಾಲಿಯೇ ಉಳಿಯಿತು, ಏಕೆಂದರೆ ಅಲ್ಲಿ ಗೀಟು ಬೀಳಲು ನಾಲ್ಕೂ ಸಲ 1 ಬೀಳಬೇಕು, ಅದು 1296ರಲ್ಲಿ ಒಂದು ಸಲದ ಮಾತು. ಒಂದು ದಾಳದ ಮಾನಕ ವಿಚಲನೆ 1.71, ನಾಲ್ಕರ ಸರಾಸರಿಗೆ ಅದು 0.85, ಹದಿನಾರರ ಸರಾಸರಿಗೆ 0.43. ಎಸೆತಗಳು ನಾಲ್ಕು ಪಟ್ಟಾದರೆ ಹರವು ಅರ್ಧವಾಗುತ್ತದೆ. ಆ ವರ್ಗಮೂಲ ಎಲ್ಲಿಂದ ಬಂದಿತೆಂದು ಆ ರಾತ್ರಿ ನನ್ನ ಕಣ್ಣಿಗೇ ಕಂಡಿತು. ಸಮೀಕ್ಷೆಯೊಂದರ ದೋಷವನ್ನು ಅರ್ಧಕ್ಕಿಳಿಸಲು ನಾಲ್ಕು ಪಟ್ಟು ಜನರನ್ನು ಮಾತನಾಡಿಸಬೇಕಾಗುವುದೂ, ವ್ಯಾಪಾರದಲ್ಲಿ ಅದು ದುಬಾರಿಯಾಗುವುದೂ ಇದೇ ಕಾರಣಕ್ಕೆ.

ಇನ್ನೊಂದು ಮಾತು. ಮೇಲಿನ ಲೆಕ್ಕದಲ್ಲಿ ಬಳಸಿದ ಟಿ-ಪರೀಕ್ಷೆ ಹುಟ್ಟಿದ್ದು ಬಿಯರ್ ತಯಾರಿಸುವಲ್ಲಿ. ಡಬ್ಲಿನ್ನಿನ ಗಿನ್ನೆಸ್ ಬ್ರೂವರಿಯಲ್ಲಿದ್ದ ವಿಲಿಯಂ ಸೀಲಿ ಗಾಸೆಟ್ ಅವರು, ಕೆಲವೇ ಮಾದರಿಗಳನ್ನು ನೋಡಿ ಎಷ್ಟರ ಮಟ್ಟಿಗೆ ನಂಬಬಹುದು ಎಂಬ ತಮ್ಮ ಕೆಲಸದ ಪ್ರಶ್ನೆಗೆ ಉತ್ತರ ಹುಡುಕಿ, 1908ರಲ್ಲಿ ‘ಸ್ಟೂಡೆಂಟ್’ ಎಂಬ ಗುಪ್ತನಾಮದಿಂದ ಲೇಖನ ಪ್ರಕಟಿಸಿದರು. ಪ್ರಶ್ನೆ ಮೊದಲು ಹುಟ್ಟಿತು, ಸೂತ್ರ ಆಮೇಲೆ ಬಂದಿತು. ಪಠ್ಯಪುಸ್ತಕಗಳು ಇದನ್ನು ತಲೆಕೆಳಗು ಮಾಡಿ ಕಲಿಸುತ್ತವೆ ಎಂಬುದು ನನ್ನ ದೂರು.

ಆದ್ದರಿಂದ ಮುಂದೂಡಬೇಡಿ. ಗಣಿತವನ್ನು ಗಟ್ಟಿ ಮಾಡಿಕೊಂಡು ಬರುತ್ತೇನೆ ಎಂಬ ಯೋಚನೆಯೇ ತಪ್ಪು. ಈ ಕೋರ್ಸಿಗೆ ಬೇಕಾಗುವ ಗಣಿತ ಕ್ಯಾಲ್ಕುಲೇಟರಿನ ವರ್ಗಮೂಲದ ಗುಂಡಿಯಾಚೆ ಹೆಚ್ಚೇನೂ ಹೋಗುವುದಿಲ್ಲ. ಬಾಯಿಪಾಠವಂತೂ ಬೇಡವೇ ಬೇಡ. ಎಕ್ಸೆಲ್ ಇದೆಯಲ್ಲ ಎಂದು ಧೈರ್ಯ ತಂದುಕೊಳ್ಳುವವರಿಗೂ ಒಂದು ಮಾತು: ಅದರ ‘ಡಿಸ್ಕ್ರಿಪ್ಟಿವ್ ಸ್ಟ್ಯಾಟಿಸ್ಟಿಕ್ಸ್’ ಪಟ್ಟಿಯಲ್ಲಿ ಸರಾಸರಿಯ ಕೆಳಗೇ ಸ್ಟ್ಯಾಂಡರ್ಡ್ ಎರರ್ ಇದೆ, ಅದರಿಂದ ಮೂರು ಸಾಲು ಕೆಳಗೆ ಸ್ಟ್ಯಾಂಡರ್ಡ್ ಡೀವಿಯೇಶನ್ ಇದೆ, ಯಾವುದನ್ನು ಎತ್ತಿಕೊಳ್ಳಬೇಕೆಂದು ಅದು ಹೇಳುವುದಿಲ್ಲ. ಪ್ರತಿ ಲೆಕ್ಕದ ಪಕ್ಕದಲ್ಲೂ ಪೆನ್ಸಿಲಿನಲ್ಲಿ ‘ಒಂದು’ ಅಥವಾ ‘ಸರಾಸರಿ’ ಎಂದು ಬರೆದುಕೊಂಡ ಮೇಲೆಯೇ ಸೂತ್ರಕ್ಕೆ ಕೈ ಹಾಕಿ. ಎರಡನೆಯ ಸಲದ ಪರೀಕ್ಷೆಯಲ್ಲಿ ಪ್ರಶ್ನೆಯನ್ನು ಬೇಕೆಂದೇ ತಿರುಗಿಸಿ ಒಂದೇ ಪೊಟ್ಟಣದ ಬಗ್ಗೆ ಕೇಳಿದ್ದರು. ಸೂತ್ರದ ಹಾಳೆಯನ್ನು ನಂಬಿದ್ದ ನನ್ನ ಪಕ್ಕದ ಗೆಳೆಯ ಅಲ್ಲಿಯೂ ವರ್ಗಮೂಲದಿಂದ ಭಾಗಿಸಿ ಬಂದಿದ್ದ.