ಮಾತು ಬಿಟ್ಟ ಮನೆಯಿಂದ ಬಂದವರೊಡನೆ ಮೌನ

ನನ್ನಲ್ಲಿ ಆಪ್ತಸಮಾಲೋಚನೆಗೆ ಬಂದ ಸಲಹಾರ್ಥಿಯ ಲಿಖಿತ ಒಪ್ಪಿಗೆ ಪಡೆದು ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಗುರುತು ಹಿಡಿಯಬಹುದಾದ ವಿವರಗಳನ್ನೆಲ್ಲ ಬದಲಿಸಿದ್ದೇನೆ.

ಮಲೆನಾಡಿನ ಅಡಿಕೆ ತೋಟದ ಮನೆಯಲ್ಲಿ ಹುಟ್ಟಿ, ಈಗ ಪಟ್ಟಣವೊಂದರಲ್ಲಿ ಲೆಕ್ಕಪತ್ರದ ಕೆಲಸ ಮಾಡುವ 43 ವರ್ಷದ ಗೃಹಸ್ಥರು ಅವರು. ರಾತ್ರಿ ನಿದ್ದೆ ಬಾರದು, ಸಂಜೆಯಾಗುತ್ತಲೇ ಎದೆ ಬಿಗಿಯುತ್ತದೆ ಎಂಬುದು ಅವರ ದೂರು. ಹೃದಯದ ತಪಾಸಣೆಯಲ್ಲಿ ತೊಂದರೆಯೇನೂ ಕಾಣದಿದ್ದುದರಿಂದ ಅವರ ವೈದ್ಯರೇ ನನ್ನಲ್ಲಿಗೆ ಕಳುಹಿಸಿದ್ದರು. ಎರಡು ವರ್ಷದ ಹಿಂದೆ ತಂದೆ ತೀರಿಕೊಂಡರೆಂದು ಮೊದಲ ಭೇಟಿಯಲ್ಲಿ ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಿದ್ದರು. ತೋಟದಲ್ಲಿ ತನ್ನ ಪಾಲು ಕೇಳಿದ ದಿನದಿಂದ ಆ ತಂದೆ ಮಗನೊಡನೆ ಮಾತು ಬಿಟ್ಟಿದ್ದರು, ಆರು ವರ್ಷ ಕಳೆದು ಕೊನೆಯುಸಿರು ಎಳೆಯುವಾಗಲೂ ಆ ಮಾತು ಮರಳಿರಲಿಲ್ಲ ಎಂಬುದು ನನಗೆ ತಿಳಿದದ್ದು ಮೂರನೆಯ ಭೇಟಿಯಲ್ಲಿ, ಅದೂ ನನ್ನದೇ ತಪ್ಪಿನಿಂದ.

ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ರೂಪಿಸಿದ ವ್ಯಕ್ತಿಕೇಂದ್ರಿತ ಚಿಕಿತ್ಸೆಯ ದಾರಿಯಲ್ಲಿ ಕಲಿತವಳು ನಾನು. ಸಲಹಾರ್ಥಿ ಮಾತು ನಿಲ್ಲಿಸಿದಾಗ ಆ ಬಿಡುವನ್ನು ತುಂಬಲು ಆತುರಪಡಬಾರದು, ಒಳಗೆ ಮೂಡುತ್ತಿರುವುದಕ್ಕೆ ಅವಕಾಶ ಕೊಡಬೇಕು ಎಂಬುದು ನಮಗೆ ಸಿಕ್ಕ ಮೊದಲ ಪಾಠಗಳಲ್ಲೊಂದು. ಅಂದು ಅವರು ತಂದೆಯ ವಿಷಯ ಎತ್ತಿ ಅರ್ಧಕ್ಕೆ ನಿಂತಾಗ ನಾನೂ ಸುಮ್ಮನಾದೆ. ಒಂದೂವರೆ ನಿಮಿಷ ಕಳೆದಿರಬಹುದು. ಅವರ ಕೈ ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿದದ್ದನ್ನು ಕಂಡರೂ, ಏನೋ ಮೇಲೆ ಬರುತ್ತಿದೆ ಎಂದೇ ಭಾವಿಸಿ ಕಾದೆ. ಕೊನೆಗೆ ಅವರು ಕೇಳಿದ್ದು: "ನಿಮಗೂ ನನ್ನ ಮೇಲೆ ಬೇಸರ ಬಂತಾ ಮೇಡಂ?"

ನಮ್ಮ ಭಾಷೆಯಲ್ಲಿ 'ಮಾತು ಬಿಡುವುದು' ಎಂದರೆ ಸುಮ್ಮನಿರುವುದಲ್ಲ, ಸಂಬಂಧದ ಬಾಗಿಲು ಹಾಕುವುದು. ಎಷ್ಟೋ ಮನೆಗಳಲ್ಲಿ ಹಿರಿಯರ ಕೈಯಲ್ಲಿದ್ದ ಅತ್ಯಂತ ಕಠಿಣ ಶಿಕ್ಷೆ ಇದೇ ಆಗಿತ್ತು. ಅಂಥ ಮನೆಯಿಂದ ಬಂದವರ ಮುಂದೆ, ಏಕೆಂದು ಹೇಳದೆ ಮೌನ ವಹಿಸುವುದು ಗೌರವವಾಗಿ ಕಾಣಲಾರದು. ನನ್ನ ಮೌನದ ಅರ್ಥವನ್ನು ನಿರ್ಧರಿಸುವುದು ನನ್ನ ಉದ್ದೇಶವಲ್ಲ, ಅವರ ಬಾಳು ಎಂಬುದನ್ನು ನಾನು ಅಂದು ಕಲಿತೆ. ಕ್ಷಮೆ ಕೇಳಿ, ನಾನೇಕೆ ಸುಮ್ಮನಿದ್ದೆ ಎಂದು ವಿವರಿಸಿದೆ. ಆಗ ಆರು ವರ್ಷದ ಕಥೆ ಹೊರಬಂತು.

ಮುಂದಿನ ಭೇಟಿಯಲ್ಲಿ ಮತ್ತೊಂದು ಆತುರ ಮಾಡಿದೆ. ಮನೋಚಿಕಿತ್ಸಕ ಫ್ರಿಟ್ಸ್ ಪರ್ಲ್ಸ್ ಜನಪ್ರಿಯಗೊಳಿಸಿದ ಖಾಲಿ ಕುರ್ಚಿಯ ವಿಧಾನದಂತೆ, ಎದುರಿನ ಕುರ್ಚಿಯಲ್ಲಿ ತಂದೆ ಕುಳಿತಿರುವುದನ್ನು ಕಲ್ಪಿಸಿಕೊಳ್ಳಿ ಎಂದೆ. ಅವರು ಪ್ರಾಮಾಣಿಕವಾಗಿ ಪ್ರಯತ್ನಿಸಿ, "ನನಗೆ ಏನೂ ಕಾಣಿಸುವುದಿಲ್ಲ, ಯಾವತ್ತೂ ಕಂಡಿಲ್ಲ. ಅಪ್ಪಯ್ಯನ ಮುಖವೂ ಫೋಟೋ ನೋಡಿದರೇ ನೆನಪಾಗುವುದು" ಎಂದರು. ಇದನ್ನು ಪ್ರತಿರೋಧವೆಂದು, ಅಂದರೆ ನೋವಿನ ವಿಷಯದಿಂದ ಮನಸ್ಸು ತಪ್ಪಿಸಿಕೊಳ್ಳುತ್ತಿದೆಯೆಂದು, ಬರೆದುಕೊಳ್ಳುವುದು ಸುಲಭ, ಆದರೆ ಅದು ಅನ್ಯಾಯ. ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ 1880ರಲ್ಲೇ, ಅಂದು ಬೆಳಿಗ್ಗೆ ಕುಳಿತ ಉಪಾಹಾರದ ಮೇಜನ್ನು ಮನಸ್ಸಿನಲ್ಲಿ ನೋಡಿ ವಿವರಿಸಿ ಎಂದು ಜನರನ್ನು ಕೇಳಿ, ಕೆಲವರಿಗೆ ಚಿತ್ರವೇ ಮೂಡುವುದಿಲ್ಲವೆಂದು ದಾಖಲಿಸಿದ್ದ. ನರವಿಜ್ಞಾನಿ ಆಡಂ ಝೆಮನ್ ಮತ್ತು ಸಹೋದ್ಯೋಗಿಗಳು 2015ರಲ್ಲಿ ಅದಕ್ಕೆ ಅಫಾಂಟೇಸಿಯಾ ಎಂದು ಹೆಸರಿಟ್ಟರು. ಅದು ಕಾಯಿಲೆಯಲ್ಲ. ಇಂಥ ಕಲ್ಪನೆಯ ಅಭ್ಯಾಸಕ್ಕೆ ನಾವು ಬಳಸುವ ದೃಶ್ಯೀಕರಣ ಎಂಬ ಪದವೇ ನಮ್ಮನ್ನು ದಾರಿ ತಪ್ಪಿಸುತ್ತದೆ. ನೆನಪು ಕಣ್ಣಿನ ದಾರಿಯಲ್ಲಿ ಬಾರದಿದ್ದರೆ ಕಿವಿ, ಮೂಗು, ಚರ್ಮದ ದಾರಿಯಲ್ಲಿ ಬರಬಹುದು.

ಹಾಗಾದರೆ ಏನಾದರೂ ಕೇಳಿಸುತ್ತದೆಯೇ ಎಂದು ವಿಚಾರಿಸಿದೆ. ಅವರು ತಡಮಾಡದೆ "ಅಡಕತ್ತರಿ" ಎಂದರು. ಊಟವಾದ ಮೇಲೆ ತಂದೆ ಜಗಲಿಯಲ್ಲಿ ಕುಳಿತು ಕವಳಕ್ಕೆ ಅಡಿಕೆ ಕತ್ತರಿಸುವ ಸದ್ದು. ಮಾತು ಬಿಟ್ಟ ಮೇಲೆ, ಮಗ ಅಂಗಳಕ್ಕೆ ಕಾಲಿಟ್ಟೊಡನೆ ಆ ಸದ್ದು ನಿಲ್ಲುತ್ತಿತ್ತು, ತಂದೆ ಎದ್ದು ಒಳಗೆ ಹೋಗುತ್ತಿದ್ದರು. ಎದೆ ಬಿಗಿಯುವುದು ಸಂಜೆಯ ಹೊತ್ತಿಗೇ ಏಕೆ ಎಂಬುದರ ಸುಳಿವು ನಮ್ಮಿಬ್ಬರಿಗೂ ಅಲ್ಲಿ ಸಿಕ್ಕಿತು.

ಐದನೆಯ ಭೇಟಿಯಿಂದ ಮೌನವನ್ನು ಒಪ್ಪಂದದ ಮೇಲೆ ತಂದೆವು. ಎರಡು ನಿಮಿಷಕ್ಕಿಂತ ಹೆಚ್ಚಿಲ್ಲ, ಕಣ್ಣು ತೆರೆದಿರಬಹುದು, ಪಾದ ನೆಲಕ್ಕೆ ಊರಿರಬೇಕು, ಬೇಡವೆನಿಸಿದ ಕ್ಷಣ ಕೈಯೆತ್ತಿದರೆ ನಾನು ಮಾತಾಡುತ್ತೇನೆ. ಅಡಕತ್ತರಿಯ ಸದ್ದನ್ನು ಮೊದಲು ಕೇಳಿಸಿಕೊಂಡು, ಅದು ನಿಂತಾಗ ಎದ್ದು ಹೋಗುವವರಿಗೆ ಏನು ಹೇಳಬೇಕೆನಿಸುತ್ತದೋ ಅದನ್ನು ಹೇಳುವುದು ಅಭ್ಯಾಸ. ದುಃಖ ಬರುತ್ತದೆಂದು ನಾನು ಎಣಿಸಿದ್ದೆ, ಬಂದದ್ದು ಸಿಟ್ಟು. "ಕೂತ್ಕೊಳಿ ಅಪ್ಪಯ್ಯ, ಬೈಯುವುದಾದರೂ ಬೈಯಿರಿ" ಎಂದು ಅವರು ಗಟ್ಟಿಯಾಗಿ ಹೇಳಿದರು. ಅಳು ಬಂದದ್ದು ಅದಾದ ಎರಡು ವಾರಗಳ ಮೇಲೆ.

ಈ ಅಭ್ಯಾಸವನ್ನು ಎಲ್ಲರಿಗೂ ಮಾಡಿಸಬಾರದು. ಇಲ್ಲದ ಧ್ವನಿ ಕೇಳಿಸುವವರಿಗೆ, ಆಘಾತದ ನೆನಪಿನಲ್ಲಿ ಈ ಹೊತ್ತಿನ ಪರಿವೆಯನ್ನೇ ಕಳೆದುಕೊಳ್ಳುವವರಿಗೆ ಮೊದಲು ಮನೋವೈದ್ಯರ ಪರೀಕ್ಷೆಯಾಗಬೇಕು. ಇವರಲ್ಲಿ ಅಂಥ ಲಕ್ಷಣಗಳಿಲ್ಲವೆಂದು ಖಚಿತಪಡಿಸಿಕೊಂಡೇ ಮುಂದುವರಿದಿದ್ದೆ. ಆದರೂ ಇದನ್ನು ಮನೆಯಲ್ಲಿ ಒಬ್ಬರೇ ಮಾಡಬೇಡಿ, ರಾತ್ರಿ ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು ಎಂದು ತಿಳಿಸಿದ್ದೆ.

ಏಳನೆಯ ಭೇಟಿಯ ಮೌನದಲ್ಲಿ ಅವರು ಕೈಯೆತ್ತಲಿಲ್ಲ. ಎರಡು ನಿಮಿಷ ದಾಟಿದರೂ ಸಾಕೆನ್ನಲಿಲ್ಲ. ಆಮೇಲೆ ಹೇಳಿದರು: ಹದಿನಾಲ್ಕು ವರ್ಷದ ಮಗ ಪರೀಕ್ಷೆಯ ಅಂಕ ಮುಚ್ಚಿಟ್ಟನೆಂದು, ತಾನು ಹನ್ನೊಂದು ದಿನದಿಂದ ಅವನೊಡನೆ ಮಾತು ಬಿಟ್ಟಿದ್ದೇನೆ.

ಸಿಟ್ಟು ಬರಬಾರದೆಂದು ನಾನು ಉಪದೇಶಿಸಲಿಲ್ಲ. ನಮ್ಮ ಎರಡು ನಿಮಿಷಕ್ಕೆ ಇದ್ದಂತೆ ಮನೆಯ ಮೌನಕ್ಕೂ ಒಂದು ಗಡುವು ಕೊಡಿ, ಅದನ್ನು ಬಾಯಿಬಿಟ್ಟು ಹೇಳಿ ಎಂದೆ. "ನನಗೆ ಈಗ ಸಿಟ್ಟು ಬಂದಿದೆ, ನಾಳೆ ಬೆಳಿಗ್ಗೆ ಕಾಫಿ ಹೊತ್ತಿಗೆ ಮಾತಾಡೋಣ" ಎಂಬಷ್ಟು ಸಾಕು. ಹೇಳಿದ ಹೊತ್ತಿಗೆ ತಪ್ಪದೆ ಮಾತಾಡಬೇಕು. ಅವರು ಆ ವಾಕ್ಯವನ್ನು ಚೀಟಿಯಲ್ಲಿ ಬರೆದುಕೊಂಡು ಹೋದರು. ಮುಂದಿನ ವಾರ ಬಂದಾಗ, ಚೀಟಿ ಓದುವ ಮೊದಲೇ ಮಗ ತಾನಾಗಿ ಎದುರಿಗೆ ಬಂದು ಕುಳಿತಿದ್ದನೆಂದೂ, ತನಗೆ ಹೇಳಲು ತೋಚಿದ್ದು "ಊಟ ಆಯ್ತಾ?" ಎಂಬುದಷ್ಟೇ ಎಂದೂ ತಿಳಿಸಿದರು.