ಎಲ್ಲರೂ ಸೇವೆಗೆ ನಿಂತರೆ ಮಾಡೋರು ಯಾರು?

ಪ್ರಿಯ ಓದುಗರೇ,

ಸೇವಾ ವಲಯದ ಬಗ್ಗೆ ನಾವು ಹಾಕಿದ್ದ ಲೇಖನ ಓದಿ ನೀವು ಬರೆದ ಪತ್ರ ತಲುಪಿತು. ಉಳಿದ ಓದುಗರಿಗಾಗಿ ಅದರ ಸಾರ ಹೇಳುತ್ತೇನೆ. ಹೊಲದಲ್ಲಿ ದುಡಿದರೆ ಕಾಳು ಕಾಣುತ್ತದೆ, ಕಾರ್ಖಾನೆಯಲ್ಲಿ ದುಡಿದರೆ ಸಾಮಾನು ಕಾಣುತ್ತದೆ. ಬ್ಯಾಂಕು, ಕಾಲ್ ಸೆಂಟರ್, ಡೆಲಿವರಿ ಅಂತ ಎಲ್ಲರೂ ಹೊರಟರೆ ಕೈಗೆ ಸಿಗುವುದೇನು? ಒಬ್ಬರ ತಲೆಕೂದಲು ಇನ್ನೊಬ್ಬರು ಕತ್ತರಿಸಿಕೊಂಡು ಒಂದು ದೇಶ ಬದುಕುತ್ತದಾ? ಇದು ನಿಮ್ಮ ದೊಡ್ಡ ಪ್ರಶ್ನೆ. ಜೊತೆಗೆ ಮನೆಯದೊಂದು ಪ್ರಶ್ನೆ: ಮಗ ಮೆಕ್ಯಾನಿಕಲ್ ಡಿಪ್ಲೊಮಾ ಓದುತ್ತಿದ್ದಾನೆ, ಬಿಡಿಸಿ ಬೇರೆ ಕೋರ್ಸಿಗೆ ಸೇರಿಸಲಾ?

ನಿಮ್ಮ ಅನುಮಾನ ಹೊಸದಲ್ಲ. 18ನೇ ಶತಮಾನದ ಫ್ರಾನ್ಸಿನಲ್ಲಿ ಫ್ರಾಂಸ್ವಾ ಕೆನೆ ಎಂಬ ಅರಮನೆ ವೈದ್ಯ, ನಿಜವಾದ ಸಂಪತ್ತು ಹುಟ್ಟುವುದು ನೆಲದಿಂದ ಮಾತ್ರ ಎಂದ. ಅವನ ಲೆಕ್ಕದಲ್ಲಿ ವ್ಯಾಪಾರಿಗಳ ಜೊತೆ ನೇಕಾರ, ಕಮ್ಮಾರರೂ ಬರಡು ವರ್ಗವೇ. 1776ರಲ್ಲಿ ಅರ್ಥಶಾಸ್ತ್ರಜ್ಞ ಆಡಂ ಸ್ಮಿತ್ ಸಾಮಾನು ಮಾಡುವವರನ್ನು ಒಳಗೆ ಕರೆದುಕೊಂಡ, ಆದರೆ ವಕೀಲ, ವೈದ್ಯ, ಸಂಗೀತಗಾರ, ಮನೆಯಾಳು ಇವರನ್ನೆಲ್ಲ ಬಾಗಿಲಲ್ಲೇ ನಿಲ್ಲಿಸಿದ. ಅವರ ಕೆಲಸ ಮಾಡಿದ ಗಳಿಗೆಯಲ್ಲೇ ಮಾಯವಾಗುತ್ತದೆ ಎಂಬುದು ಅವನ ವಾದ. (ವೈದ್ಯ ಉಳಿಸಿದ ಜೀವ ಮಾಯವಾಗುವುದಿಲ್ಲ ಅಂತ ಯಾರಾದರೂ ಅವನಿಗೆ ಹೇಳಬೇಕಿತ್ತು.) 1966ರಲ್ಲಂತೂ ಬ್ರಿಟನ್ ಸರ್ಕಾರ, ಅರ್ಥಶಾಸ್ತ್ರಜ್ಞ ನಿಕೊಲಸ್ ಕಾಲ್ಡೋರ್ ಅವರ ಮಾತು ಕೇಳಿ, ಸೇವಾ ಕೆಲಸಕ್ಕೆ ಜನರನ್ನು ಇಟ್ಟುಕೊಂಡವರ ಮೇಲೆ ತೆರಿಗೆಯನ್ನೇ ಹಾಕಿತು. ಜನ ಕಾರ್ಖಾನೆ ಕಡೆ ತಿರುಗಲಿ ಅಂತ. 1973ರಲ್ಲಿ ಆ ತೆರಿಗೆ ರದ್ದಾಯಿತು. ಜನ ಮಾತ್ರ ಕಾರ್ಖಾನೆ ಕಡೆ ತಿರುಗಲಿಲ್ಲ.

ಬೆಳೆಯುವುದೂ ನಿಂತಿಲ್ಲ, ಮಾಡುವುದೂ ನಿಂತಿಲ್ಲ. ಅದಕ್ಕೆ ಬೇಕಾಗುವ ಕೈಗಳು ಕಡಿಮೆಯಾಗಿವೆ, ಅಷ್ಟೆ. 1900ರಲ್ಲಿ ಅಮೆರಿಕದ ದುಡಿಯುವ ಜನರಲ್ಲಿ ಶೇ 40ರಷ್ಟು ಮಂದಿ ಬೇಸಾಯದಲ್ಲಿದ್ದರು. ಈಗ ಶೇ 2ಕ್ಕಿಂತ ಕಡಿಮೆ. ಆದರೂ ಆ ದೇಶ ಧಾನ್ಯವನ್ನು ಹೊರಗೆ ಮಾರುತ್ತಿದೆ. ಉಕ್ಕನ್ನೇ ನೋಡಿ. 1980ರ ದಶಕದ ಆರಂಭದಲ್ಲಿ ಅಲ್ಲಿ ಒಂದು ಟನ್ ಉಕ್ಕಿಗೆ ಸುಮಾರು 10 ಆಳು-ಗಂಟೆ ದುಡಿಮೆ ಬೇಕಿತ್ತು, ಈಗ 2 ಗಂಟೆಯೂ ಬೇಡ. 1979ರಲ್ಲಿ ಅಮೆರಿಕದ ಕಾರ್ಖಾನೆಗಳಲ್ಲಿ ಸುಮಾರು 1.95 ಕೋಟಿ ಜನ ಇದ್ದರು, ಈಗ 1.3 ಕೋಟಿಯೊಳಗೆ. ತಯಾರಾಗುವ ಸಾಮಾನು ಮಾತ್ರ ಆಗಿನದಕ್ಕಿಂತ ಜಾಸ್ತಿಯೇ. ಚೀನಾದಂಥ ದೇಶಗಳಿಗೆ ಹೋದ ಕೆಲಸವೂ ಇದೆ, ಇಲ್ಲ ಅನ್ನುವುದಿಲ್ಲ.

ಇನ್ನು ಲೆಕ್ಕ ಬರೆಯುವ ರೀತಿಯ ಒಂದು ತಮಾಷೆ. ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆಯವನೊಬ್ಬ ಇದ್ದಾನೆ ಅನ್ನಿ. ಸಂಬಳ ಕಾರ್ಖಾನೆಯದಾದರೆ ಅವನು ಕೈಗಾರಿಕಾ ವಲಯದವನು. ಮುಂದಿನ ತಿಂಗಳು ಕ್ಯಾಂಟೀನನ್ನು ಗುತ್ತಿಗೆಗೆ ಕೊಟ್ಟರು. ಅದೇ ಒಲೆ, ಅದೇ ಸೌಟು, ಊಟಕ್ಕೆ ಸಾಲು ನಿಲ್ಲುವವರೂ ಅವರೇ. ಆದರೆ ಅವನೀಗ ಸೇವಾ ವಲಯದವನು! ಗೇಟಿನ ಸೆಕ್ಯುರಿಟಿ, ಕಸ ಗುಡಿಸುವವರು, ಲಾರಿ ಡ್ರೈವರ್, ಲೆಕ್ಕಪತ್ರದವರು ಎಲ್ಲರದೂ ಇದೇ ಕಥೆ. ಸೇವಾ ವಲಯ ಬೆಳೆಯಿತು ಅಂತ ಪತ್ರಿಕೆಯಲ್ಲಿ ಓದುವಾಗ ಇದನ್ನೂ ನೆನಪಿಡಬೇಕು.

ಉಳಿದದ್ದು ಹೊಟ್ಟೆಯ ವಿಷಯ. ಆದಾಯ ಎರಡು ಪಟ್ಟಾದರೆ ಯಾರೂ ಎರಡು ಪಟ್ಟು ಉಣ್ಣುವುದಿಲ್ಲ. ಜರ್ಮನಿಯ ಸಂಖ್ಯಾಶಾಸ್ತ್ರಜ್ಞ ಅರ್ನ್ಸ್ಟ್ ಎಂಗೆಲ್ 1857ರಲ್ಲೇ ಸಂಸಾರಗಳ ಖರ್ಚಿನ ಲೆಕ್ಕ ತೆಗೆದು ಇದನ್ನು ತೋರಿಸಿದರು. ಮಿಕ್ಕ ದುಡ್ಡು ಸಾಮಾನಿಗೆ, ಆಮೇಲೆ ಓದು, ಚಿಕಿತ್ಸೆ, ಓಡಾಟದಂಥ ಸೇವೆಗಳಿಗೆ ಹೋಗುತ್ತದೆ.

ಹಾಗಾದರೆ ಚಿಂತೆಯೇ ಬೇಡವಾ? ಬೇಕು, ಆದರೆ ಬೇರೆ ಕಾರಣಕ್ಕೆ. ಒಬ್ಬ ಮೇಷ್ಟ್ರು 40 ಮಕ್ಕಳಿಗೆ ಗಮನ ಕೊಡಲು ಒದ್ದಾಡುತ್ತಾರೆ, 400 ಮಕ್ಕಳನ್ನು ಕೊಟ್ಟರೆ ಕಲಿಕೆ ಕೆಡುತ್ತದೆ. ನರ್ಸ್ ಡ್ರೆಸ್ಸಿಂಗ್ ಮಾಡುವುದಕ್ಕೆ ಹಿಂದೆ ಎಷ್ಟು ಹೊತ್ತು ಬೇಕಿತ್ತೋ ಈಗಲೂ ಹೆಚ್ಚುಕಡಿಮೆ ಅಷ್ಟೇ ಬೇಕು. ಆದರೆ ಅವರ ಸಂಬಳ ಉಳಿದ ಕಡೆಯ ಸಂಬಳದ ಜೊತೆ ಏರಲೇಬೇಕು, ಇಲ್ಲದಿದ್ದರೆ ಆ ಕೆಲಸಕ್ಕೆ ಯಾರೂ ಬರುವುದಿಲ್ಲ. ಟಿವಿ ಅಗ್ಗವಾಗುತ್ತಾ ಹೋಗಿ, ಶಾಲೆ ಫೀಸು, ಆಸ್ಪತ್ರೆ ಬಿಲ್ಲು ಏರುತ್ತಾ ಹೋಗುವುದಕ್ಕೆ ಇದೊಂದು ದೊಡ್ಡ ಕಾರಣ. 1960ರ ದಶಕದಲ್ಲಿ ಅರ್ಥಶಾಸ್ತ್ರಜ್ಞ ವಿಲಿಯಂ ಬೌಮಲ್ ಇದನ್ನು ವಿವರಿಸಿದರು.

ನನಗೆ ಇದಕ್ಕಿಂತ ಹೆಚ್ಚು ಕೊರೆಯುವುದು ಮೆಟ್ಟಿಲಿನ ವಿಷಯ. ಹೊಲ ಬಿಟ್ಟು ಬಂದ, ಜಾಸ್ತಿ ಓದದ ಮನುಷ್ಯನನ್ನು ಕಾರ್ಖಾನೆ ಒಳಗೆ ಬಿಟ್ಟುಕೊಳ್ಳುತ್ತಿತ್ತು. ಕೆಲಸ ಕಲಿಸುತ್ತಿತ್ತು. ಸಾವಿರ ಜನ ಒಂದೇ ಸೂರಿನಡಿ ಇದ್ದುದರಿಂದ ಯೂನಿಯನ್ ಕಟ್ಟಿ ಸಂಬಳವನ್ನೂ ಕೇಳಬಹುದಿತ್ತು. ಮೊದಲ ಮಹಾಯುದ್ಧಕ್ಕೆ ಮುಂಚೆ ಬ್ರಿಟನ್ನಿನಲ್ಲಿ ಶೇ 45ರಷ್ಟು ಮಂದಿ ಇಂಥ ಕೆಲಸದಲ್ಲಿದ್ದರು. ಈಗ ಬಡ ದೇಶಗಳಲ್ಲಿ ಕಾರ್ಖಾನೆ ಕೆಲಸ ಅದರ ಹತ್ತಿರಕ್ಕೂ ಏರದೆ, ಅರ್ಧದಲ್ಲೇ ಇಳಿಯುತ್ತಿದೆ ಎಂದು ಅರ್ಥಶಾಸ್ತ್ರಜ್ಞ ಡ್ಯಾನಿ ರೋಡ್ರಿಕ್ ತೋರಿಸಿದ್ದಾರೆ. ಸೇವಾ ವಲಯದ ಮೇಲಿನ ತುದಿಗೆ ಡಿಗ್ರಿ ಬೇಕು. ಕೆಳಗಿನ ತುದಿಯಲ್ಲಿ ಗುಡಿಸುವುದು, ಕಾಯುವುದು, ಹೊತ್ತು ತಲುಪಿಸುವುದು. ನಡುವಿನ ಮೆಟ್ಟಿಲುಗಳು ಕಡಿಮೆ. ಹತ್ತು ವರ್ಷ ಡೆಲಿವರಿ ಮಾಡಿದ ಹುಡುಗ ಹನ್ನೊಂದನೇ ವರ್ಷ ಏನಾಗುತ್ತಾನೆ? ಅದಕ್ಕೆ ಉತ್ತರ ಕೊಡುವ ಸೇವಾ ಕಂಪನಿಗಳು ಸಿಗುವುದು ಕಷ್ಟ. ಕೆಲಸ ಕಲಿಸುವ, ಕಾಯಿಲೆ ಬಿದ್ದರೆ ನೋಡಿಕೊಳ್ಳುವ ಕಟ್ಟುಪಾಡನ್ನು ಸರ್ಕಾರಗಳೇ ಹಾಕಬೇಕು ಎಂಬುದು ನನ್ನ ಅಭಿಪ್ರಾಯ.

ಇನ್ನು ನಿಮ್ಮ ಮಗನ ಮಾತು. ದಯವಿಟ್ಟು ಬಿಡಿಸಬೇಡಿ. ಸಾಮಾನು ಮಾಡುವ ಕಂಪನಿಗಳೂ ಈಗ ಸೇವೆ ಮಾರುತ್ತವೆ. ವಿಮಾನದ ಇಂಜಿನ್ ಮಾಡುವ ರೋಲ್ಸ್ ರಾಯ್ಸ್ ಬಹಳಷ್ಟು ಇಂಜಿನ್‌ಗಳ ರಿಪೇರಿ, ನಿಗಾ ಎಲ್ಲ ತಾನೇ ವಹಿಸಿಕೊಂಡು, ಹಾರಿದ ಗಂಟೆಗೆ ಇಷ್ಟು ಎಂದು ದುಡ್ಡು ತೆಗೆದುಕೊಳ್ಳುತ್ತದೆ. ಲಿಫ್ಟ್ ಕಂಪನಿಗಳಿಗೂ ಲಿಫ್ಟ್ ಕೂರಿಸಿದ ಮೇಲಿನ ಸರ್ವಿಸ್‌ನಿಂದಲೇ ದೊಡ್ಡ ಸಂಪಾದನೆ. ಆ ಕೆಲಸಕ್ಕೆ ಬೇರಿಂಗಿನ ಸದ್ದು ಕೇಳಿ ಏನು ಕೆಟ್ಟಿದೆ ಅಂತ ಹೇಳಬಲ್ಲವರೇ ಬೇಕು. ಡಿಪ್ಲೊಮಾ ಮುಗಿಸಲಿ. ಜೊತೆಗೆ ಸೆನ್ಸರ್, ಕಂಟ್ರೋಲರ್ ಬಗ್ಗೆ ಒಂದು ಸಣ್ಣ ಕೋರ್ಸ್ ಮಾಡಿಕೊಂಡರೆ ಇನ್ನೂ ಒಳ್ಳೆಯದು.

– ಸಂಪಾದಕ